ಮದುವೆಗೆ ವಿದೇಶಿ ಸ್ನೇಹಿತರನ್ನು ಕರೆದಿದ್ದೀರಾ? ಲಗ್ನಪತ್ರಿಕೆಯಿಂದ ತಾಂಬೂಲದವರೆಗೆ ಏನೇನು ಹೇಳಿಕೊಡಬೇಕು

ಕೆಲವು ವರ್ಷಗಳ ಹಿಂದೆ ತಿಪಟೂರಿನಲ್ಲಿ ನಮ್ಮ ಅತ್ತೆಯ ಮಗಳ ಮದುವೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಜರ್ಮನ್ ಸ್ನೇಹಿತನನ್ನು ಕರೆದಿದ್ದೆ. ಲಗ್ನಪತ್ರಿಕೆಯಲ್ಲಿ ಆರತಕ್ಷತೆ ಸಂಜೆ 6.30ಕ್ಕೆ ಅಂತ ಇತ್ತು. ಅವನು 6.20ಕ್ಕೆಲ್ಲ ಸೂಟು ಹಾಕಿಕೊಂಡು ಛತ್ರದ ಬಾಗಿಲಲ್ಲಿ ನಿಂತಿದ್ದ. ಒಳಗೆ ನೋಡಿದರೆ ಹೂವಿನವರು ಇನ್ನೂ ಏಣಿ ಮೇಲೆ, ಶಾಮಿಯಾನದವರು ಕುರ್ಚಿ ಇಳಿಸುತ್ತಿದ್ದಾರೆ, ಮದುಮಗಳು ಎಲ್ಲೋ ಜಡೆಗೆ ಹೂವು ಮುಡಿಸಿಕೊಳ್ಳುತ್ತಿದ್ದಾಳೆ. ಪಾಪ, ಅವನೂ ಕೋಟು ಬಿಚ್ಚಿಟ್ಟು ಕುರ್ಚಿ ಜೋಡಿಸಿದ. ಹುಡುಗ ಹುಡುಗಿ ವೇದಿಕೆ ಹತ್ತುವಾಗ ಎಂಟೂ ಕಾಲು.

ಮರುದಿನ ಮುಹೂರ್ತ ಬೆಳಗ್ಗೆ 6.15ರಿಂದ 7. ಹಿಂದಿನ ದಿನ ಪಾಠ ಕಲಿತಿದ್ದನಲ್ಲ, ಅದೇ ಲೆಕ್ಕ ಹಾಕಿ ಆರಾಮಾಗಿ 7.45ಕ್ಕೆ ಬಂದ. ತಾಳಿ ಕಟ್ಟಿ ಆಗಿತ್ತು. ಅರ್ಧ ಜನ ತಿಂಡಿಗೆ ಕೂತಿದ್ದರು.

ತಪ್ಪು ನನ್ನದೇ. ಆರತಕ್ಷತೆಯ ಹೊತ್ತು ರಬ್ಬರಿನ ಹಾಗೆ, ಮುಹೂರ್ತದ ಹೊತ್ತು ರೈಲಿನ ಹಾಗೆ (ಸರಿ, ನಮ್ಮ ರೈಲಿಗಿಂತ ಕರಾರುವಾಕ್ಕಾಗಿ) ಅನ್ನುವ ಒಂದು ಮಾತು ಅವನಿಗೆ ಹೇಳಿದ್ದರೆ ಸಾಕಿತ್ತು. ನಮಗೆ ಇದೆಲ್ಲ ಹುಟ್ಟಿದಾಗಿನಿಂದ ಗೊತ್ತು, ಹಾಗಾಗಿ ಹೇಳಬೇಕು ಅಂತಲೇ ಹೊಳೆಯುವುದಿಲ್ಲ. ಅದಾದ ಮೇಲೆ ನಮ್ಮ ಮನೆಯ ಮತ್ತು ಸ್ನೇಹಿತರ ನಾಲ್ಕೈದು ಮದುವೆಗಳಿಗೆ ಹೊರದೇಶದವರನ್ನು ಕರೆದುಕೊಂಡು ಹೋಗಿದ್ದೇನೆ. ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ನೀವು ಕರೆದವರು ಹೇಗಿರಬೇಕು ಅನ್ನುವುದಕ್ಕಿಂತ, ಕರೆದ ನೀವು ಏನೇನು ಮಾಡಬೇಕು ಅನ್ನುವುದೇ ಇಲ್ಲಿ ಜಾಸ್ತಿ. ಹೆಚ್ಚಾಗಿ ಹಳೇ ಮೈಸೂರು ಕಡೆಯ ಮದುವೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಕರೆಯುವಾಗಲೇ ಹೇಳಬೇಕಾದದ್ದು

ಮೊದಲು ದಿನಾಂಕದ ವಿಷಯ. ಹೊರಗಿನವರಿಗೆ ರಜೆ ಸಿಗುವುದು ಕ್ರಿಸ್‌ಮಸ್ ಹೊತ್ತಿಗೆ. ನಮ್ಮಲ್ಲಿ ಆಗ ಧನುರ್ಮಾಸ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಮದುವೆ ಇಡುವವರು ಅಪರೂಪ. ಅವರ ಬೇಸಿಗೆ ರಜೆ ಜುಲೈ, ಆಗ ನಮ್ಮಲ್ಲಿ ಆಷಾಢ. ಹೆಚ್ಚಾಗಿ ಉಳಿಯುವುದು ಏಪ್ರಿಲ್, ಮೇ ತಿಂಗಳ ಸುಡುಬಿಸಿಲು, ಇಲ್ಲವೇ ಫೆಬ್ರವರಿ, ನವೆಂಬರ್. "ನನಗೆ ಡಿಸೆಂಬರ್ 26ಕ್ಕೆ ಆಗುತ್ತೆ, ಆವತ್ತು ಯಾವುದಾದರೂ ಮದುವೆ ಇದೆಯಾ?" ಅಂತ ಒಬ್ಬಳು ಕೇಳಿದ್ದಳು. ಪಂಚಾಂಗ ಅಂದರೆ ಏನು ಅಂತ ವಿವರಿಸುವುದಕ್ಕೇ ಒಂದು ಸಂಜೆ ಬೇಕಾಯಿತು.

ಎರಡನೆಯದು ವೀಸಾ. ಸ್ನೇಹಿತರನ್ನು, ನೆಂಟರನ್ನು ನೋಡಲು ಬರುವ ಬಹಳಷ್ಟು ದೇಶದವರಿಗೆ ಇ-ಟೂರಿಸ್ಟ್ ವೀಸಾ ಸಾಕು. ಬರುವ ದಿನಕ್ಕಿಂತ ಕಡಿಮೆ ಅಂದರೂ 4 ದಿನ ಮುಂಚೆ ಅರ್ಜಿ ಹಾಕಬೇಕು. ಆದರೆ ಎರಡು ಮೂರು ವಾರ ಮುಂಚೆಯೇ ಹಾಕಿಸಿ. ಪಾಸ್‌ಪೋರ್ಟ್ ಇನ್ನೂ ಆರು ತಿಂಗಳು ಚಾಲ್ತಿಯಲ್ಲಿರಬೇಕು. ಭಾರತ ಸರ್ಕಾರದ್ದೇ ಜಾಲತಾಣದಲ್ಲಿ ಅರ್ಜಿ ಹಾಕಲು ಹೇಳಿ, ಅದೇ ಥರ ಕಾಣುವ ಬೇರೆ ತಾಣಗಳು ಸುಮ್ನೆ ಹೆಚ್ಚು ದುಡ್ಡು ಕೀಳುತ್ತವೆ.

ಮೂರನೆಯದು ಬಹಳ ಜನರಿಗೆ ಗೊತ್ತೇ ಇಲ್ಲ. ವಿದೇಶಿಯರು ನಿಮ್ಮ ಮನೆಯಲ್ಲೇ ಉಳಿದುಕೊಂಡರೆ, ಬಂದ 24 ಗಂಟೆಯೊಳಗೆ ನೀವು ಅವರ ವಿವರವನ್ನು (ಫಾರ್ಮ್ ಸಿ ಅಂತ ಕರೆಯುತ್ತಿದ್ದದ್ದು) ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ಕೊಡಬೇಕು. ಹೋಟೆಲಿನಲ್ಲಿ ಇದ್ದರೆ ಹೋಟೆಲಿನವರೇ ಮಾಡುತ್ತಾರೆ. ಚಿಕ್ಕ ಊರಿನ ಲಾಡ್ಜುಗಳು ಈ ತಲೆನೋವೇ ಬೇಡ ಅಂತ "ಫಾರಿನರ್ಸ್‌ಗೆ ರೂಮ್ ಕೊಡಲ್ಲ" ಅನ್ನುವುದುಂಟು. ಹಾಗಾಗಿ ರೂಮು ಬುಕ್ ಮಾಡುವಾಗ ಫೋನು ಮಾಡಿ ಬಾಯಿಬಿಟ್ಟು ಕೇಳಿ. ರಾತ್ರಿ ಹನ್ನೊಂದಕ್ಕೆ ಸೂಟ್‌ಕೇಸ್ ಸಮೇತ ಬಸ್‌ಸ್ಟ್ಯಾಂಡ್ ಮುಂದೆ ನಿಂತು ಬೇರೆ ಲಾಡ್ಜು ಹುಡುಕುವ ಅನುಭವ ನನಗಾಗಿದೆ, ನಿಮಗೆ ಬೇಡ. ಛತ್ರದ ರೂಮಿನಲ್ಲಿ ಹಾಸಿಗೆ ಹಾಕಿ ಹತ್ತು ಜನರ ಜೊತೆ ಮಲಗಿಸುವ ಯೋಚನೆ ಇದ್ದರೆ ಮೊದಲೇ ಹೇಳಿಬಿಡಿ, ಕೆಲವರಿಗೆ ಅದು ತುಂಬಾ ಇಷ್ಟವಾಗುತ್ತದೆ, ಕೆಲವರಿಗೆ ಆಗುವುದೇ ಇಲ್ಲ.

ಇನ್ನೊಂದು. ಅವರ ತಲೆಯಲ್ಲಿ ಇರುವ ಇಂಡಿಯನ್ ಮದುವೆ ಅಂದರೆ ಹಿಂದಿ ಸಿನಿಮಾದ್ದು. ಕುದುರೆ ಮೇಲೆ ಗಂಡು, ಮೆಹೆಂದಿ, ರಾತ್ರಿಯಿಡೀ ಕುಣಿತ, ಕೈಯಲ್ಲಿ ಗ್ಲಾಸು. ಈಗ ನಮ್ಮಲ್ಲೂ ಸಂಗೀತ್ ಅಂತ ಶುರುವಾಗಿದೆ, ಇಲ್ಲ ಅನ್ನುವುದಿಲ್ಲ. ಆದರೂ ನಮ್ಮ ಮದುವೆ ಅಂದರೆ ಬೆಳಗ್ಗೆ ನಾಲ್ಕಕ್ಕೆ ಎದ್ದು ತಣ್ಣೀರು ಮುಖಕ್ಕೆ ಚಿಮುಕಿಸಿಕೊಂಡು, ಓಲಗದ ಸದ್ದಿನಲ್ಲಿ ಕಾಫಿ ಕುಡಿದು, ಹೊಗೆಯಲ್ಲಿ ಕಣ್ಣುಜ್ಜಿಕೊಂಡು, ಮಧ್ಯಾಹ್ನ ಭರ್ಜರಿ ಊಟ ಹೊಡೆದು ನಿದ್ದೆ ಮಾಡುವುದು. ಛತ್ರದಲ್ಲಿ ಹೆಂಡ ಇರುವುದಿಲ್ಲ. ಬಾರ್ ಎಲ್ಲಿದೆ ಅಂತ ನಿಮ್ಮ ದೊಡ್ಡಪ್ಪನನ್ನು ಕೇಳುವ ಮೊದಲು ಇದನ್ನು ಹೇಳಿಡಿ.

"ನನ್ನ ಹೆಂಡತಿಯನ್ನು ಕರೆದುಕೊಂಡು ಬರಬಹುದಾ? ಅವಳ ಹೆಸರು ಕಾರ್ಡಿನಲ್ಲಿ ಇಲ್ಲವಲ್ಲ" ಅಂತ ಕೇಳುತ್ತಾರೆ. ಅವರ ಕಡೆ ಕುರ್ಚಿ ಲೆಕ್ಕ, ತಟ್ಟೆ ಲೆಕ್ಕ. ನಮ್ಮಲ್ಲಿ ಎಂಟುನೂರು ಎಲೆಗೆ ಹೇಳಿದ ಅಡುಗೆಯಲ್ಲಿ ಇಬ್ಬರು ಹೆಚ್ಚಾದರೆ ಯಾರಿಗೂ ಗೊತ್ತಾಗುವುದಿಲ್ಲ. ಬನ್ನಿ ಅಂತ ಹೇಳಿ. ಮನೆಯವರಿಗೂ ಒಂದು ಮಾತು ತಿಳಿಸಿ, ಅಷ್ಟೆ.

ಬಟ್ಟೆ

ಹೆಂಗಸರಿಗೆ ಸೀರೆ ಉಡುವ ಆಸೆ ಇದ್ದೇ ಇರುತ್ತದೆ. ಸೀರೆ ಸಿಗುವುದು ಸುಲಭ, ಕಷ್ಟ ರವಿಕೆಯದು. ಅಳತೆ ಕೊಟ್ಟು ಹೊಲಿಸಲು ಒಂದು ವಾರವಾದರೂ ಬೇಕು, ಮದುವೆ ಸೀಸನ್‌ನಲ್ಲಿ ದರ್ಜಿಯವರು ಇನ್ನೂ ಸತಾಯಿಸುತ್ತಾರೆ. ಇದಕ್ಕೆ ಸುಲಭ ದಾರಿ ಅಂದರೆ ಮೈಗೆ ಅಂಟುವ, ಎಳೆದರೆ ಹಿಗ್ಗುವ ಸಿದ್ಧ ರವಿಕೆ, ಅದನ್ನು ಅಂಗಡಿಯಲ್ಲೇ ಹಾಕಿ ನೋಡಿ ತರಬಹುದು. ಎತ್ತರದವರಾದರೆ ಲಂಗದ ಉದ್ದ ನೋಡಿಕೊಳ್ಳಿ, ನಮ್ಮ ಅಳತೆಯ ಲಂಗ ಅವರಿಗೆ ಮೊಣಕಾಲಿನ ಹತ್ತಿರವೇ ನಿಂತುಬಿಡುತ್ತದೆ. ಒಂದು ಡಜನ್ ಪಿನ್ನು ಜೊತೆಯಲ್ಲಿರಲಿ. ಮೊದಲ ಸಲ ಉಡುವವರಿಗೆ ಭಾರದ ರೇಷ್ಮೆ ಬೇಡ. ಮೈಸೂರು ಸಿಲ್ಕ್ ಕ್ರೇಪ್ ಹಗುರ, ಮೈಗೆ ಕೂರುತ್ತದೆ, ಆದರೆ ಜಾರುತ್ತದೆ. ಇಳಕಲ್ ಸೀರೆ ಇದ್ದರೆ ನನ್ನ ಓಟು ಅದಕ್ಕೇ. ಮತ್ತೆ, ಸೀರೆ ಉಟ್ಟುಕೊಂಡು ಶೌಚಾಲಯಕ್ಕೆ ಹೋಗುವುದು ಹೇಗೆ ಅಂತ ಒಬ್ಬ ಹೆಂಗಸು ಮುಂಚೆಯೇ ಹೇಳಿಕೊಡಬೇಕು. ನಗಬೇಡಿ, ನಮ್ಮ ಅಕ್ಕ ಇದನ್ನು ಹೇಳಿಕೊಟ್ಟದ್ದಕ್ಕೆ ಆ ಹುಡುಗಿ ಈಗಲೂ ಅವಳನ್ನು ನೆನೆಯುತ್ತಾಳೆ.

ಸೀರೆ ಬೇಡ ಅಂದರೆ ಚೂಡಿದಾರ್, ಉದ್ದ ಲಂಗ, ಯಾವುದಾದರೂ ಆಗುತ್ತದೆ. ಭುಜ, ಮಂಡಿ ಮುಚ್ಚಿದ್ದರೆ ಒಳ್ಳೆಯದು. ಪೂರ್ತಿ ಕಪ್ಪು ಬೇಡ, ಪೂರ್ತಿ ಬಿಳಿಯೂ ಬೇಡ. ಅವರ ಕಡೆ ಮದುಮಗಳು ಬಿಳಿ ಉಡುವುದರಿಂದ ಬಿಳಿ ಬಿಟ್ಟು ಕಪ್ಪು ಹಾಕಿಕೊಂಡು ಬರುವ ಸಂಭವ ಜಾಸ್ತಿ, ಇದನ್ನು ಎತ್ತಿ ಹೇಳಿ. ಗಂಡಸರಿಗೆ ಪಂಚೆ. ಈಗ ಬೆಲ್ಟಿನ ಹಾಗೆ ಒತ್ತಿ ಅಂಟಿಸುವ, ಜೇಬೂ ಇರುವ ರೆಡಿಮೇಡ್ ಪಂಚೆ ಸಿಗುತ್ತದೆ. ಅದನ್ನೇ ಕೊಡಿ. ಗಂಟು ಹಾಕಿ ಉಡುವ ಪಂಚೆ ಕೊಟ್ಟು, ಅವನು ದಿನವಿಡೀ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಓಡಾಡುವ ಹಾಗೆ ಮಾಡಬೇಡಿ. ಕಾಲಿಗೆ ಸುಲಭವಾಗಿ ಬಿಚ್ಚುವ ಚಪ್ಪಲಿ. ದುಬಾರಿ ಬೂಟು ಬೇಡ, ಛತ್ರದ ಬಾಗಿಲಲ್ಲಿ ಬಿಟ್ಟ ಚಪ್ಪಲಿಗೆ ದೇವರೇ ಗತಿ.

ಉಡುಗೊರೆ

ಕವರಿನಲ್ಲಿ ದುಡ್ಡು ಕೊಡುವುದು ಅವರಿಗೆ ಮುಜುಗರ. ನಮ್ಮಲ್ಲಿ ಅದೇ ಮರ್ಯಾದೆ ಅಂತ ತಿಳಿಸಿ. ಇದಕ್ಕೆ ಹಳೇ ಮೈಸೂರಿನಲ್ಲಿ ಮುಯ್ಯಿ, ಉತ್ತರ ಕರ್ನಾಟಕದವರ ಬಾಯಲ್ಲಿ ಆಹೇರಿ. ಮುಯ್ಯಿ ಅಂದರೆ ಮುಂದೆ ತೀರಿಸುವ ಲೆಕ್ಕ, ಕೆಲವು ಮನೆಗಳಲ್ಲಿ ಯಾರು ಎಷ್ಟು ಕೊಟ್ಟರು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಅವರಿಗೆ ಆ ಲೆಕ್ಕ ಇಲ್ಲ, ಹಾಗಾಗಿ 501, 1001 ಏನು ಕೊಟ್ಟರೂ ಸರಿ. ಆ ಒಂದು ರೂಪಾಯಿ ಯಾಕೆ ಅಂತ ಕೇಳಿಯೇ ಕೇಳುತ್ತಾರೆ. ಸೊನ್ನೆಯಲ್ಲಿ ಮುಗಿಯಬಾರದು, ಸಂಬಂಧ ಮುಂದುವರಿಯಲಿ ಅಂತ ಅನ್ನುತ್ತಾರೆ ಹಿರಿಯರು. ನಾಣ್ಯ ಅಂಟಿಸಿದ ಕವರುಗಳೇ ಅಂಗಡಿಯಲ್ಲಿ ಸಿಗುತ್ತವೆ. ಕವರಿನ ಮೇಲೆ ಹೆಸರು ಬರೆಯಲಿ. ಅವರ ಊರಿನದ್ದೇನಾದರೂ ತರುವುದಿದ್ದರೆ ಚಾಕೊಲೇಟು, ಮೇಜಿನ ಬಟ್ಟೆ, ಪಿಂಗಾಣಿ ಚೆನ್ನ. ವೈನ್ ಬಾಟಲಿ, ಚಾಕು, ಚರ್ಮದ್ದು ಬೇಡ. ಲಗ್ನಪತ್ರಿಕೆಯ ಕೆಳಗೆ "ಆಶೀರ್ವಾದವೇ ಉಡುಗೊರೆ" ಅಂತ ಅಚ್ಚಾಗಿದ್ದರೆ ನಿಜಕ್ಕೂ ಏನೂ ಕೊಡಬೇಕಿಲ್ಲ. ಆದರೂ ಅದರ ಅರ್ಥ ಏನು ಅಂತ ಅನುವಾದಿಸಿ ಹೇಳಬೇಕಾದವರು ನೀವೇ.

ಸ್ವಸ್ತಿಕದ ವಿಷಯ

ಇದಕ್ಕೆ ಪ್ರತ್ಯೇಕ ಜಾಗ ಕೊಡುತ್ತಿದ್ದೇನೆ, ಯಾಕೆಂದರೆ ಇದನ್ನು ಮರೆತು ನಾನು ಕೆಟ್ಟದಾಗಿ ಪೇಚಿಗೆ ಸಿಕ್ಕಿಕೊಂಡೆ. ಮೇಲೆ ಹೇಳಿದ ಸ್ನೇಹಿತನಿಗೆ ಲಗ್ನಪತ್ರಿಕೆ ಕೊಟ್ಟಾಗ ಅದರ ಮೂಲೆಯಲ್ಲಿ ಕೆಂಪು ಸ್ವಸ್ತಿಕ ಇತ್ತು. ಅವನು ಏನೂ ಅನ್ನಲಿಲ್ಲ, ಆದರೆ ಕಾರ್ಡನ್ನು ಮೇಜಿನ ಮೇಲೆ ಬೋರಲು ಹಾಕಿಟ್ಟ. ಜರ್ಮನಿಯಲ್ಲಿ ನಾಜಿಗಳ ಆ ಗುರುತನ್ನು ಸಾರ್ವಜನಿಕವಾಗಿ ತೋರಿಸುವುದು ಅಪರಾಧ. ಚಿಕ್ಕಂದಿನಿಂದ ಅದನ್ನು ನೋಡಿದರೆ ನಾಚಿಕೆ, ಭಯ ಎರಡೂ ಆಗುವ ಹಾಗೆ ಬೆಳೆದವರು ಅವರು. ಯಹೂದಿ ಮನೆತನದವರಾದರೆ ಕೇಳಲೇಬೇಡಿ. ಅಂಥವರು ಛತ್ರಕ್ಕೆ ಬಂದರೆ ಬಾಗಿಲ ಮೇಲೆ ಸ್ವಸ್ತಿಕ, ರಂಗೋಲಿಯಲ್ಲಿ ಸ್ವಸ್ತಿಕ, ಅಂತರಪಟದ ನಟ್ಟನಡುವೆ ಕುಂಕುಮದ ದೊಡ್ಡ ಸ್ವಸ್ತಿಕ.

ಹಾಗಾಗಿ ಕಾರ್ಡು ಕೈಗೆ ಕೊಡುವಾಗಲೇ ನೀವೇ ಮಾತು ತೆಗೆಯಿರಿ. ಇದು ನಮ್ಮಲ್ಲಿ ತುಂಬಾ ಹಳೆಯ ಶುಭದ ಗುರುತು, ಅಂಗಡಿಯ ಲೆಕ್ಕದ ಪುಸ್ತಕದ ಮೇಲೂ ಬರೆಯುತ್ತೇವೆ, ಹಿಟ್ಲರನಿಗಿಂತ ಸಾವಿರಾರು ವರ್ಷ ಹಿಂದಿನದು, ಮದುವೆಯಲ್ಲಿ ಇದು ಎಲ್ಲೆಲ್ಲೂ ಕಾಣುತ್ತದೆ, ಗಾಬರಿಯಾಗಬೇಡ ಅಂತ. ಎರಡು ನಿಮಿಷದ ಮಾತು. "ನಮ್ಮದೇ ಅಸಲಿ, ನಿಮ್ಮವರು ಕದ್ದದ್ದು" ಅಂತ ವಾದ ಮಾಡಬೇಡಿ, ಅವರು ವಾದಕ್ಕೆ ಬಂದವರಲ್ಲ. ಅವರು ತೆಗೆದ ಫೋಟೊವನ್ನು ತಮ್ಮ ದೇಶದಲ್ಲಿ ಹಂಚಿಕೊಳ್ಳುವಾಗ ಯಾವುದನ್ನು ಹಾಕಬೇಕು, ಯಾವುದನ್ನು ಬಿಡಬೇಕು ಅನ್ನುವುದೂ ಅವರಿಗೇ ಬಿಟ್ಟದ್ದು.

ಜೊತೆಗೆ ಒಬ್ಬರನ್ನು ಬಿಡಿ

ಮದುವೆ ಮನೆಯಲ್ಲಿ ನಿಮಗೇ ಸಾವಿರ ಕೆಲಸ. "ನಾನು ನೋಡ್ಕೋತೀನಿ" ಅಂತ ಅಂದುಕೊಳ್ಳಬೇಡಿ, ನೋಡಿಕೊಳ್ಳುವುದಕ್ಕೆ ಆಗುವುದಿಲ್ಲ. ಪಾಯಸದ ಹಾಲು ಒಡೆಯಿತು ಅಂತ ಯಾರೋ ಕೂಗಿದರೆ ಓಡುತ್ತೀರಿ, ಅವರು ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಎರಡು ಗಂಟೆ ಒಬ್ಬರೇ ಕೂತಿರುತ್ತಾರೆ. ಕಾಲೇಜು ಓದುವ ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಇದನ್ನೇ ಕೆಲಸ ಅಂತ ವಹಿಸಿ. ಇಂಗ್ಲಿಷ್ ಸರಾಗವಾಗಿ ಬರಬೇಕು ಅಂತೇನಿಲ್ಲ. ಪಕ್ಕದಲ್ಲಿ ಕೂತು "ಈಗ ಇದಾಗುತ್ತೆ, ಆಮೇಲೆ ಅದಾಗುತ್ತೆ" ಅಂತ ಹೇಳುವವರು ಬೇಕು.

ಆ ಜೊತೆಗಾರನ ಇನ್ನೊಂದು ಕೆಲಸ ಕಾವಲು. ಬಿಳಿ ಮುಖ ಕಂಡರೆ ನಮ್ಮವರು ಸೆಲ್ಫಿಗೆ ಮುತ್ತಿಕೊಳ್ಳುತ್ತಾರೆ, ಒಂದು ಮದುವೆಯಲ್ಲಂತೂ ಹುಡುಗ ಹುಡುಗಿಯ ಮುಂದಿಗಿಂತ ಇವರ ಮುಂದೆಯೇ ಉದ್ದ ಸಾಲಿತ್ತು. ಹತ್ತು ಸೆಲ್ಫಿಯವರೆಗೆ ಎಲ್ಲರಿಗೂ ಖುಷಿ, ಐವತ್ತಾದರೆ ಹಿಂಸೆ. ಕಪ್ಪು ಮೈಬಣ್ಣದ ಅತಿಥಿಯಾದರೆ ಇದರ ಉಲ್ಟಾ, ದಿಟ್ಟಿಸಿ ನೋಡುತ್ತಾರೆ, ಹತ್ತಿರ ಬರುವುದಿಲ್ಲ, ಹಿಂದೆ ಪಿಸುಗುಟ್ಟುತ್ತಾರೆ. ಇದು ನಮ್ಮ ತಪ್ಪು, ಅವರದ್ದಲ್ಲ. ನನ್ನ ಅನುಭವದಲ್ಲಿ ಇದಕ್ಕಿರುವ ಮದ್ದು ಒಂದೇ, ಮನೆಯ ಹಿರಿಯರೊಬ್ಬರು ಎಲ್ಲರೆದುರು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಫಿ ಕುಡಿಯಬೇಕು. ಆಮೇಲೆ ಎಲ್ಲ ತಾನಾಗಿ ಸರಿಹೋಗುತ್ತದೆ. ನಮ್ಮ ಅಜ್ಜಿಗೆ ಒಂದಕ್ಷರ ಇಂಗ್ಲಿಷ್ ಬಾರದು, ನೈಜೀರಿಯಾದಿಂದ ಬಂದಿದ್ದ ಹುಡುಗಿಯ ಕೈ ಹಿಡಿದುಕೊಂಡು ಅರ್ಧ ಗಂಟೆ ಕನ್ನಡದಲ್ಲೇ ಮಾತಾಡಿದರು. ಅವಳೂ ತಲೆಯಾಡಿಸಿದಳು. ಏನು ಮಾತಾಡಿದಿರಿ ಅಂದರೆ "ಅವಳ ಅಮ್ಮನಿಗೆ ಮಂಡಿ ನೋವಂತೆ" ಅಂದರು ಅಜ್ಜಿ. ಅದು ಹೇಗೆ ಗೊತ್ತಾಯಿತೋ.

ಮದುವೆ ಆಗಿದೆಯಾ, ಮಕ್ಕಳೆಷ್ಟು, ಯಾಕಿಲ್ಲ, ಸಂಬಳ ಎಷ್ಟು, ಈ ನಾಲ್ಕು ಪ್ರಶ್ನೆ ಬಂದೇ ಬರುತ್ತವೆ ಅಂತ ಮೊದಲೇ ಎಚ್ಚರಿಸಿ. ಉತ್ತರ ಹೇಳಲೇಬೇಕು ಅಂತಿಲ್ಲ, ನಕ್ಕು "ಊಟ ಆಯ್ತಾ?" ಅಂತ ತಿರುಗಿ ಕೇಳಿದರೆ ಮಾತು ಬೇರೆ ಕಡೆ ಹೋಗುತ್ತದೆ. ಕನ್ನಡದಲ್ಲಿ ಅವರಿಗೆ ಕಲಿಸಬೇಕಾದ ಮೊದಲ ಎರಡು ಮಾತು ಇವೇ: "ಊಟ ಆಯ್ತಾ" ಮತ್ತು "ಸಾಕು". ಎರಡನೆಯದು ಎಲೆ ಮುಂದೆ ಕೂತಾಗ ಪ್ರಾಣ ಉಳಿಸುತ್ತದೆ.

ಹಿಂದಿನ ಸಂಜೆ: ಆರತಕ್ಷತೆ

ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಾರೆ, ಗುಲಾಬಿ, ಕಲ್ಲುಸಕ್ಕರೆ ಕೊಡುತ್ತಾರೆ. ಗುಲಾಬಿ ಇಟ್ಟುಕೊಳ್ಳುವುದಕ್ಕೆ, ಕಲ್ಲುಸಕ್ಕರೆ ತಿನ್ನುವುದಕ್ಕೆ. ಎರಡೂ ತಟ್ಟೆಗಳು ಒಟ್ಟಿಗೆ ಮುಂದೆ ಬಂದಾಗ ಯಾವುದನ್ನು ಏನು ಮಾಡಬೇಕು ಅಂತ ತಬ್ಬಿಬ್ಬಾಗುತ್ತಾರೆ.

ಅವರಿಗೆ ವಿಚಿತ್ರ ಅನ್ನಿಸುವುದು ಆರತಕ್ಷತೆ ಮದುವೆಗೆ ಮುಂಚೆಯೇ ನಡೆಯುವುದು. "ಇನ್ನೂ ಮದುವೆಯೇ ಆಗಿಲ್ಲ, ಅಭಿನಂದನೆ ಹೇಗೆ ಹೇಳಲಿ?" ಅಂತ ನನ್ನ ಸ್ನೇಹಿತ ಕೇಳಿದ್ದ. ಒಳ್ಳೆ ಪ್ರಶ್ನೆಯೇ. ಜನಕ್ಕೆ ಅನುಕೂಲ ಅಂತ ಹೀಗಾಗಿದೆ, ಬೆಳಗ್ಗೆ ಆರಕ್ಕೆ ಎಲ್ಲರಿಗೂ ಬರಲಾಗುವುದಿಲ್ಲ, ಸಂಜೆ ಆಫೀಸು ಮುಗಿಸಿ ಬಂದು ಮುಖ ತೋರಿಸಿ, ಊಟ ಮಾಡಿ ಹೋಗುತ್ತಾರೆ. ಸಾಲಿನಲ್ಲಿ ನಿಂತು ವೇದಿಕೆ ಹತ್ತಿ, ಕವರು ಕೊಟ್ಟು, ಫೋಟೊಗೆ ನಿಂತು, ಇನ್ನೊಂದು ಕಡೆಯಿಂದ ಇಳಿಯುವುದು. ಅಷ್ಟೇ. ಅಲ್ಲಿ ನಿಂತು ಹುಡುಗಿಯ ಜೊತೆ ಐದು ನಿಮಿಷ ಹರಟಬಾರದು, ಹಿಂದೆ ಇನ್ನೂರು ಜನ ಇರುತ್ತಾರೆ. ಕೈ ಕುಲುಕಿದರೆ ಅಥವಾ ಕೈ ಮುಗಿದರೆ ಸಾಕು, ಅಪ್ಪಿಕೊಳ್ಳುವುದು ಬೇಡ.

ಮುಹೂರ್ತದ ಬೆಳಗ್ಗೆ

ಮುಹೂರ್ತಕ್ಕಿಂತ ಒಂದು ಗಂಟೆ ಮುಂಚೆ ಬರಲು ಹೇಳಿ. ಮುಂದಿನ ಸಾಲಿನಲ್ಲಿ ಕೂರಿಸಿ, ಇಲ್ಲದಿದ್ದರೆ ಫೋಟೊಗ್ರಾಫರುಗಳ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಮಂಟಪದ ಹತ್ತಿರ ಹೋಗುವುದಿದ್ದರೆ ಚಪ್ಪಲಿ ಕಳಚಿಡಲಿ.

ಅವರಿಗೆ ಅತಿ ದೊಡ್ಡ ಆಶ್ಚರ್ಯ, ಪುರೋಹಿತರು ಮಂತ್ರ ಹೇಳುತ್ತಿರುವಾಗ ನಾವೆಲ್ಲ ಮಾತಾಡುತ್ತಿರುವುದು. ಚರ್ಚಿನಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಇಲ್ಲಿ ಹಿಂದಿನ ಸಾಲಿನವರು ಸೈಟಿನ ರೇಟು ಮಾತಾಡುತ್ತಿರುತ್ತಾರೆ. ಎದ್ದು ಹೋಗಿ ಕಾಫಿ ಕುಡಿದು ಬರಬಹುದು, ಫೋಟೊ ತೆಗೆಯಬಹುದು, ಪಕ್ಕದವರ ಜೊತೆ ನಗಬಹುದು ಅಂತ ಹೇಳಿ. ಇಲ್ಲದಿದ್ದರೆ ಮೂರು ಗಂಟೆ ನೆಟ್ಟಗೆ ಕೂತು ಬೆನ್ನು ಹಿಡಿಸಿಕೊಳ್ಳುತ್ತಾರೆ.

ಯಾವಾಗ ಗಮನ ಕೊಡಬೇಕು ಅಂತ ಗುರುತು ಹೇಳಿಕೊಡಿ. ಕೆಲವರ ಮದುವೆಯಲ್ಲಿ ಕಾಶಿಯಾತ್ರೆ ಇರುತ್ತದೆ. ಗಂಡು ಕೊಡೆ, ಕೋಲು ಹಿಡಿದು ಸಂಸಾರವೇ ಬೇಡ ಅಂತ ಕಾಶಿಗೆ ಹೊರಡುತ್ತಾನೆ, ಹುಡುಗಿಯ ಅಪ್ಪ ತಡೆದು ಮಗಳನ್ನು ಕೊಡುತ್ತೇನೆ ಬಾ ಅಂತ ಕರೆತರುತ್ತಾರೆ. ಇದು ನಾಟಕ ಅಂತ ಮೊದಲೇ ಹೇಳಿ. ಒಬ್ಬಳು ನಿಜಕ್ಕೂ ಮದುವೆ ಮುರಿದುಬಿತ್ತು ಅಂದುಕೊಂಡು ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಆಮೇಲೆ ಅಂತರಪಟ, ಹುಡುಗ ಹುಡುಗಿಯ ನಡುವೆ ಬಟ್ಟೆ ಹಿಡಿಯುತ್ತಾರೆ, ಮಂಗಳಾಷ್ಟಕ ಮುಗಿದ ತಕ್ಷಣ ಸರಿಸುತ್ತಾರೆ, ಇಬ್ಬರೂ ಜೀರಿಗೆ ಬೆಲ್ಲವನ್ನು ಒಬ್ಬರ ತಲೆ ಮೇಲೆ ಒಬ್ಬರು ಇಡುತ್ತಾರೆ. ಯಾರು ಮೊದಲು ಇಟ್ಟರೋ ಮನೆಯಲ್ಲಿ ಅವರ ಮಾತೇ ನಡೆಯುವುದು ಅನ್ನುವ ತಮಾಷೆಯನ್ನೂ ಹೇಳಿ, ಆಗ ಅವರೂ ಒಂದು ಕಡೆ ಸೇರಿ ಕೂಗುತ್ತಾರೆ.

ಅಕ್ಷತೆಯನ್ನು ಯಾರೋ ತಟ್ಟೆಯಲ್ಲಿ ತಂದು ಕೈಗೆ ಹಾಕುತ್ತಾರೆ. ಅದನ್ನು ತಿನ್ನಬಾರದು, ಬೇಗ ಎಸೆಯಲೂಬಾರದು. ಬಲಗೈಯಲ್ಲಿ ಹಿಡಿದುಕೊಂಡು ಕಾಯಬೇಕು. ಪುರೋಹಿತರು ಕೈ ಮೇಲೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂತ ಕೂಗಿದ ಕೂಡಲೇ ಓಲಗದವರು ಜೋರಾಗಿ ಬಾರಿಸುತ್ತಾರೆ, ಅದೇ ತಾಳಿ ಕಟ್ಟುವ ಗಳಿಗೆ. ಸೀನು, ಅಳು, ಕೆಟ್ಟ ಮಾತು ಯಾವುದೂ ಆ ಹೊತ್ತಲ್ಲಿ ಕಿವಿಗೆ ಬೀಳಬಾರದು ಅಂತ ಆ ಗದ್ದಲ. ಆಗ ಎಸೆಯಬೇಕು. ಹಿಂದಿನ ಸಾಲಿನಿಂದ ಎಸೆದರೆ ಮುಂದಿನವರ ತಲೆಗೂದಲಿಗೆ ಹೋಗುತ್ತದೆ, ಅದೂ ಆಶೀರ್ವಾದವೇ ಅಂದುಕೊಳ್ಳಿ. ತಮ್ಮ ಕಡೆಯೂ ಮದುವೆಯಲ್ಲಿ ಅಕ್ಕಿ ಎರಚುತ್ತಾರೆ ಅಂತ ಬ್ರಿಟನ್ನಿನ ಕಡೆಯವರು ತಟ್ಟನೆ ನೆನಪಿಸಿಕೊಳ್ಳುತ್ತಾರೆ. ಅಕ್ಕಿಗೆ ಅರಿಶಿನ ಹಚ್ಚಿರುತ್ತದೆ, ಬಿಳಿ ಅಂಗಿಗೆ ತಾಗಿದರೆ ಹೋಗುವುದಿಲ್ಲ ಅನ್ನುವುದನ್ನೂ ಸೇರಿಸಿ.

ತಾಳಿ ಕಟ್ಟಿದ ಕೂಡಲೇ ಮದುವೆ ಮುಗಿಯಿತು ಅಂತ ನಾವೇ ಎದ್ದುಬಿಡುತ್ತೇವೆ. ಆದರೆ 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ, ಸಪ್ತಪದಿ ಇರುವ ಮದುವೆಯಲ್ಲಿ ಏಳನೇ ಹೆಜ್ಜೆ ಇಟ್ಟಾಗಲೇ ಮದುವೆ ಪೂರ್ತಿಯಾಗುವುದು. ಸುತ್ತ ಅರ್ಧ ಖಾಲಿ ಕುರ್ಚಿಗಳ ನಡುವೆ ಹುಡುಗ ಹುಡುಗಿ ಆ ಏಳು ಹೆಜ್ಜೆ ಇಡುವುದನ್ನು ನೋಡುವವರು ಅಪ್ಪ ಅಮ್ಮ, ಫೋಟೊದವರು, ಮತ್ತೆ ನಿಮ್ಮ ವಿದೇಶಿ ಸ್ನೇಹಿತರು. ಅವರು ನೋಡಲಿ, ಎಬ್ಬಿಸಬೇಡಿ. ಕೊನೆಗೆ ಹುಡುಗಿಗೆ ಅರುಂಧತಿ ನಕ್ಷತ್ರ ತೋರಿಸುತ್ತಾರೆ. ಹಾಡಹಗಲಲ್ಲಿ. "ಕಾಣಿಸ್ತಾ?" ಅಂದರೆ "ಹ್ಞೂಂ" ಅನ್ನಬೇಕು. ನಮ್ಮ ಜರ್ಮನ್ನನಿಗೆ ಮರುದಿನ ರಾತ್ರಿ ಸಪ್ತರ್ಷಿ ಮಂಡಲದಲ್ಲಿ ವಸಿಷ್ಠನ ಪಕ್ಕದ ಆ ಸಣ್ಣ ಚುಕ್ಕಿಯನ್ನು ತಾರಸಿಯಿಂದ ತೋರಿಸಿದೆ. ಅವರಲ್ಲೂ ಆ ಜೋಡಿಗೆ ಹೆಸರುಗಳಿವೆ, ಮಿಜಾರ್ ಮತ್ತು ಆಲ್ಕಾರ್.

ಹಳೇ ಮೈಸೂರಿನ ಬಹಳಷ್ಟು ಮದುವೆಗಳಲ್ಲಿ ಧಾರೆಗೆ ಹಾಲು ಬಿಡಲು ಬಂದವರನ್ನೆಲ್ಲ ಕರೆಯುತ್ತಾರೆ. ಹುಡುಗ ಹುಡುಗಿಯ ಜೋಡಿಸಿದ ಕೈಗಳ ಮೇಲೆ ಒಂದು ಚಮಚ ಹಾಲು. ನಿಮ್ಮ ಅತಿಥಿಗಳನ್ನು ಆ ಸಾಲಿನಲ್ಲಿ ನಿಲ್ಲಿಸಿ. ನಿಲ್ಲಿಸುವ ಮೊದಲು ಹುಡುಗಿಯ ಮನೆಯವರನ್ನು ಒಂದು ಮಾತು ಕೇಳಿ, ಬೇಡ ಅಂದದ್ದನ್ನು ನಾನಂತೂ ನೋಡಿಲ್ಲ. ಕುರ್ಚಿಯಲ್ಲಿ ಕೂತು ಮೂರು ಗಂಟೆ ನೋಡಿದ್ದಕ್ಕಿಂತ ಆ ಒಂದು ಚಮಚ ಹಾಲು ಅವರಿಗೆ ಹೆಚ್ಚು ನೆನಪಿರುತ್ತದೆ.

ಕುಂಕುಮ ಕೊಡುವಾಗ ಒಂದು ಸೂಕ್ಷ್ಮ. ಗಂಡ ತೀರಿಕೊಂಡವರಿಗೆ ಕುಂಕುಮ ಕೊಡದ ಮನೆಗಳು ಇನ್ನೂ ಇವೆ. ನಿಮ್ಮ ಜೊತೆ ಬಂದವರು ಅಂಥವರಾಗಿದ್ದು, ಯಾರಾದರೂ ಕೇಳಿ ತಿಳಿದು ತಟ್ಟೆ ಹಿಂದೆಳೆದರೆ ಅದಕ್ಕಿಂತ ಕೆಟ್ಟದ್ದಿಲ್ಲ. ನಾವು ಎಲ್ಲರಿಗೂ ಕೊಡುತ್ತೇವೆ. ನಿಮ್ಮ ಮನೆಯಲ್ಲಿ ಹೇಗೆ ಅಂತ ನೀವೇ ಮೊದಲೇ ನೋಡಿಕೊಳ್ಳಿ.

ಎಲೆ ಮುಂದೆ

ಊಟಕ್ಕೆ ಜಾಗ ಹಿಡಿಯುವುದೇ ಒಂದು ಕಲೆ. ಮೊದಲ ಪಂಕ್ತಿಯವರು ಇನ್ನೂ ಮೊಸರನ್ನದಲ್ಲಿರುವಾಗ ಎರಡನೇ ಪಂಕ್ತಿಯವರು ಕುರ್ಚಿ ಹಿಂದೆ ನಿಂತಿರುತ್ತಾರೆ. ಹೊರಗಿನವರಿಗೆ ಇದು ಸಾಧ್ಯವೇ ಇಲ್ಲ, ನಾಚಿಕೊಂಡು ಐದನೇ ಪಂಕ್ತಿಯವರೆಗೆ ನಿಂತೇ ಇರುತ್ತಾರೆ. ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸಿ.

ಎಲೆಯ ತುದಿ ಉಣ್ಣುವವರ ಎಡಕ್ಕೆ. ನೀರು ಚಿಮುಕಿಸಿ ಒರೆಸಬೇಕು. ಬಡಿಸುವವರು ಉಪ್ಪಿನಿಂದ ಶುರು ಮಾಡಿ ಕೋಸಂಬರಿ, ಪಲ್ಯ, ಗೊಜ್ಜು, ಚಿತ್ರಾನ್ನ, ಹಪ್ಪಳ ಅಂತ ಹಾಕುತ್ತಾ ಓಡುತ್ತಾರೆ. ಬಿದ್ದದ್ದನ್ನೆಲ್ಲ ಬಿದ್ದ ಕೂಡಲೇ ತಿಂದು ಖಾಲಿ ಮಾಡುವುದು ಇವರು ಮಾಡುವ ಮೊದಲ ತಪ್ಪು. ಅನ್ನ, ತೊವ್ವೆ, ತುಪ್ಪ ಬಂದು, ಹಿರಿಯರು ಕೈ ಹಾಕುವವರೆಗೆ ಕಾಯಬೇಕು. ಎರಡನೇ ತಪ್ಪು, ಖಾಲಿಯಾದ ಜಾಗಕ್ಕೆ ಮತ್ತೆ ಬಡಿಸುತ್ತಾರೆ ಅಂತ ಗೊತ್ತಿಲ್ಲದೆ ಮರ್ಯಾದೆಗೆಂದು ಮತ್ತೆ ಮತ್ತೆ ಖಾಲಿ ಮಾಡುವುದು. ಸಾಕಾದರೆ ಎಲೆಯ ಮೇಲೆ ಅಡ್ಡಲಾಗಿ ಎರಡೂ ಕೈ ಹಿಡಿದು "ಸಾಕು" ಅನ್ನಬೇಕು. ಒಂದು ಸಲ ಅಂದರೆ ಸಾಲದು, ಮೂರು ಸಲ ಅನ್ನಬೇಕು. ಹೋಳಿಗೆಗೆ ನಾಲ್ಕು ಸಲ.

ಸಾರು ಬಂದಾಗ ಅದು ಎಲೆಯಿಂದ ಹರಿದು ಮಡಿಲಿಗೆ ಬೀಳುತ್ತದೆ ಅಂತ ಭಯ. ಅನ್ನದ ನಡುವೆ ಗುಳಿ ಮಾಡಿ ಅದರಲ್ಲಿ ಹಾಕಿಸಿಕೊಳ್ಳುವುದನ್ನು ಪಕ್ಕದಲ್ಲಿ ಕೂತು ತೋರಿಸಿ. ಬೆರಳ ತುದಿಯಲ್ಲಿ ಕಲಸಿ ಹೆಬ್ಬೆರಳಿನಿಂದ ಬಾಯಿಗೆ ತಳ್ಳುವುದು ಎರಡು ತುತ್ತಿಗೆ ಬಂದುಬಿಡುತ್ತದೆ. ಆಗದಿದ್ದರೆ ಚಮಚ ಕೇಳಿ ಕೊಡಿಸಿ, ಅದರಲ್ಲೇನು ಅವಮಾನ? ತಿನ್ನುವುದು ಬಲಗೈ, ಲೋಟ ಎತ್ತುವುದು ಎಡಗೈ. ಎಂಜಲು ಅನ್ನುವುದನ್ನು ವಿವರಿಸುವುದು ಸ್ವಲ್ಪ ಕಷ್ಟ. ತಿಂದ ಕೈಯಿಂದ ಬಡಿಸುವ ಪಾತ್ರೆ ಮುಟ್ಟಬಾರದು, ತನ್ನ ಎಲೆಯ ಹೋಳಿಗೆಯನ್ನು ಪಕ್ಕದವರ ಎಲೆಗೆ ಹಾಕಬಾರದು ಅಂತ ಹೇಳಿದರೆ ಸದ್ಯಕ್ಕೆ ಸಾಕು. ಮುಗಿದ ಮೇಲೆ ಎಲೆಯ ಮೇಲಿನ ಅರ್ಧವನ್ನು ತಮ್ಮ ಕಡೆಗೆ ಮಡಚುವುದು ಹೆಚ್ಚಿನ ಕಡೆ ರೂಢಿ, ಕೆಲವರು ಮಡಚುವುದೇ ಇಲ್ಲ. ಪಕ್ಕದವರನ್ನು ನೋಡಿ ಮಾಡಿದರಾಯಿತು. ಪಂಕ್ತಿಯಲ್ಲಿ ಎಲ್ಲರೂ ಮುಗಿಸುವ ಮುಂಚೆ ಏಳುವುದು ಚೆನ್ನಾಗಿರುವುದಿಲ್ಲ.

ಇನ್ನು ಹೊಟ್ಟೆಯ ವಿಷಯ. ನೀರು ಮುಚ್ಚಳ ಒಡೆಯದ ಬಾಟಲಿಯದ್ದೇ ಆಗಿರಲಿ. ಬಂದು ಎರಡೇ ದಿನವಾಗಿದ್ದರೆ ಹಸಿ ಕೋಸಂಬರಿ ಬಿಡಲಿ, ಬಿಸಿ ಇರುವುದನ್ನು ತಿನ್ನಲಿ. ಗೋಡಂಬಿ, ಕಡಲೆಕಾಯಿ ಒಗ್ಗದವರಿದ್ದರೆ ಅಡುಗೆಯವರನ್ನೇ ಹೋಗಿ ಕೇಳಿ, ಚಿತ್ರಾನ್ನ, ಪಾಯಸ, ಗೊಜ್ಜು ಎಲ್ಲದರಲ್ಲೂ ಒಂದಲ್ಲ ಒಂದು ಇರುತ್ತದೆ. ಗೋಧಿ ಒಗ್ಗದವರಿಗೆ ಅನ್ನದ ಊಟ ಸುಲಭ ಅಂದುಕೊಳ್ಳುತ್ತೇವೆ, ಆದರೆ ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿರುತ್ತಾರೆ, ಮತ್ತೆ ಇಂಗಿಲ್ಲದ ಸಾರು ಎಲ್ಲಿದೆ? ಹಾಲು ತುಪ್ಪ ಮುಟ್ಟದ ವೀಗನ್ನರಿಗೆ ಇನ್ನೂ ಕಷ್ಟ. ಸಸ್ಯಾಹಾರ ಅಂದರೆ ಅದೂ ಆಯಿತು ಅಂತ ನಮ್ಮ ಅಡುಗೆಯವರು ತಿಳಿದಿರುತ್ತಾರೆ. ತುಪ್ಪ ಹಾಕುವ ಮುಂಚೆ ಒಂದು ಡಬ್ಬಿಯಲ್ಲಿ ಅನ್ನ, ಪಲ್ಯ, ಸಾರು ತೆಗೆದಿಡಿಸುವುದೊಂದೇ ದಾರಿ.

ಮಂಡ್ಯ, ಮೈಸೂರು, ರಾಮನಗರದ ಕಡೆ ಬಹಳ ಮನೆಗಳಲ್ಲಿ ಮದುವೆ ಆದ ಮೇಲೆ ಬೀಗರೂಟ ಇರುತ್ತದೆ. ಮದುವೆ ದಿನ ಸಪ್ಪೆ ಅನ್ನಿಸಿದ ಮಾಂಸಪ್ರಿಯರನ್ನು ಅದಕ್ಕೆ ತಪ್ಪದೆ ಕರೆದುಕೊಂಡು ಹೋಗಿ. ಮುದ್ದೆ ಅಗಿಯಬಾರದು, ನುಂಗಬೇಕು ಅಂತ ಹೇಳಿ ನೋಡಿ, ಆಮೇಲೆ ಅವರ ಮುಖ ನೋಡಿ.

ಬೇರೆ ಕಡೆಯ ಮದುವೆಯಾದರೆ

ಮೇಲೆ ಹೇಳಿದ್ದೆಲ್ಲ ಎಲ್ಲ ಕಡೆಗೂ ಸಲ್ಲುವುದಿಲ್ಲ. ಲಿಂಗಾಯತರಲ್ಲಿ ಜಂಗಮರು ನಡೆಸಿಕೊಡುತ್ತಾರೆ, ಶಾಸ್ತ್ರಗಳೇ ಬೇರೆ. ಉತ್ತರ ಕರ್ನಾಟಕದಲ್ಲಿ ಸುರಗಿ (ಮದುಮಕ್ಕಳಿಗೆ ನೀರೆರೆಯುವ ಶಾಸ್ತ್ರ) ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಕೊಡವರ ಸಾಂಪ್ರದಾಯಿಕ ಮದುವೆಯಲ್ಲಿ ಪುರೋಹಿತರೇ ಇರುವುದಿಲ್ಲ, ಹಿರಿಯರೇ ಹರಸುತ್ತಾರೆ, ಬಾಳೆದಿಂಡು ಕಡಿಯುವ ಶಾಸ್ತ್ರ ಇರುತ್ತದೆ, ಹುಡುಗಿ ನೀರು ಹೊತ್ತು ತರುವಾಗ ಗಂಡಿನ ಕಡೆಯವರು ಕುಣಿಯುತ್ತಾ ದಾರಿ ಅಡ್ಡಗಟ್ಟುತ್ತಾರೆ. ಅಲ್ಲಿ ಹಂದಿ ಮಾಂಸವೂ ಉಂಟು, ಗುಂಡೂ ಉಂಟು. ಬಾರ್ ಎಲ್ಲಿ ಅಂತ ಕೇಳಿದ ಸ್ನೇಹಿತನಿಗೆ ಕೊಡಗಿನ ಮದುವೆಯ ಕಾರ್ಡು ಸಿಕ್ಕರೆ ಅವನ ಅದೃಷ್ಟ.

ಹೊರಡುವಾಗ

ಊಟದಿಂದ ಎದ್ದು ಕೈ ತೊಳೆದು ಬಂದರೆ ಬಾಗಿಲಲ್ಲಿ ತಾಂಬೂಲದ ಚೀಲ. ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ. ಬೇಡ ಅನ್ನಬಾರದು, ಬಲಗೈಯಲ್ಲಿ ಅಥವಾ ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ಮನೆಯವರಿಗೆ "ಹೋಗುತ್ತೇನೆ" ಅನ್ನದೆ "ಹೋಗಿ ಬರ್ತೀನಿ" ಅನ್ನುವುದನ್ನು ಕಲಿಸಿ, ಅದೊಂದು ಮಾತಿಗೆ ಅಜ್ಜಿಯಂದಿರು ಕರಗಿಹೋಗುತ್ತಾರೆ.

ಚೀಲವನ್ನು ಊರಿಗೆ ಒಯ್ಯುವುದು ಹೇಗೆ ಅನ್ನುವುದು ಆಮೇಲಿನ ಸಮಸ್ಯೆ. ಹಸಿ ಎಲೆ, ಕಾಯಿ, ಬೀಜಕ್ಕೆ ಒಂದೊಂದು ದೇಶದ್ದು ಒಂದೊಂದು ನಿಯಮ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಅಂತೂ ಬಹಳ ಕಟ್ಟುನಿಟ್ಟು. ಮುಚ್ಚಿಟ್ಟುಕೊಂಡು ಹೋಗಿ ದಂಡ ಕಟ್ಟುವುದು ಬೇಡ. ತಿಪಟೂರು ಕಡೆಯ ಮದುವೆಯಾದರೆ ಪ್ರೀತಿಯಿಂದ ನಾಲ್ಕು ಕೊಬ್ಬರಿ ಬಟ್ಟಲನ್ನೂ ಕಟ್ಟಿಕೊಡುತ್ತಾರೆ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೇಗ ಹೊತ್ತಿಕೊಳ್ಳುತ್ತದೆ ಅಂತ ವಿಮಾನದಲ್ಲಿ ಬಿಡುವುದಿಲ್ಲ. ನಮ್ಮ ಜರ್ಮನ್ ಸ್ನೇಹಿತನದ್ದನ್ನು ಬೆಂಗಳೂರಿನ ಮನೆಯಲ್ಲೇ ಇಳಿಸಿಕೊಂಡೆವು. ಕಾಯಿಯನ್ನು ಅವನ ಕೈಯಲ್ಲೇ ಒಡೆಸಿ, ಅವನು ಹೊರಡುವ ದಿನ ಬೆಳಗ್ಗೆ ಅಮ್ಮ ಅದರದೇ ಚಟ್ನಿ ಅರೆದು ದೋಸೆ ಹಾಕಿಕೊಟ್ಟರು. ಚೀಲ ಮಾತ್ರ ಅವನ ಜೊತೆ ಹೋಯಿತು. ಹುಡುಗ ಹುಡುಗಿಯ ಹೆಸರು, ಮದುವೆ ದಿನಾಂಕ ಕನ್ನಡದಲ್ಲಿ ಅಚ್ಚಾದ ಹಳದಿ ಚೀಲ. ಈಗ ಅದರಲ್ಲಿ ಆಲೂಗಡ್ಡೆ ತರುತ್ತಾನಂತೆ.